ಗೋಡೆ ಕ್ಯಾಲೆಂಡರ್, ದುಡ್ಡು ಕೊಟ್ಟ ಆ್ಯಪ್, ಗೂಗಲ್ ಕ್ಯಾಲೆಂಡರ್: ಅಮೆರಿಕದ ಗಡಿಯಾರ ಜರುಗಿದಾಗ ಯಾವುದು ಕೈಹಿಡಿಯಿತು?

ಮೊದಲೇ ಹೇಳಿಬಿಡುತ್ತೇನೆ. ಹೊರದೇಶದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವವರಿಗೆ ಗೂಗಲ್ ಕ್ಯಾಲೆಂಡರ್ ಸಾಕು. ಆದರೆ ಪ್ರತಿ ಪಾಠಕ್ಕೂ ಆ ಮಗುವಿನ ಕಡೆಯ ಊರನ್ನು ಆರಿಸಬೇಕು. ಇಷ್ಟು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು, 2,400 ರೂಪಾಯಿ ಖರ್ಚಾಯಿತು.

ನಾನು ಮೈಸೂರಿನಲ್ಲಿ ಕೂತು ಸಂಗೀತ ಹೇಳಿಕೊಡುತ್ತೇನೆ. ಭಾನುವಾರ ಡಲ್ಲಾಸ್‌ನ ಹುಡುಗಿಗೆ ಅವಳ ಬೆಳಗ್ಗೆ 8ಕ್ಕೆ, ಫೀನಿಕ್ಸ್‌ನ ಹುಡುಗನಿಗೆ ಅವನ ಬೆಳಗ್ಗೆ 7ಕ್ಕೆ, ಲಂಡನ್‌ನ ಅಕ್ಕತಂಗಿಯರಿಗೆ ಅಲ್ಲಿನ 10ಕ್ಕೆ ಪಾಠ. ನಮ್ಮ ಗಡಿಯಾರ ವರ್ಷವಿಡೀ ಒಂದೇ. ಅಮೆರಿಕದ ಬಹುಪಾಲು ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಬ್ರಿಟನ್‌ನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಫೀನಿಕ್ಸ್ ಅಮೆರಿಕದಲ್ಲೇ ಇದ್ದರೂ ಅಲ್ಲಿ ಗಡಿಯಾರ ಮುಟ್ಟುವುದೇ ಇಲ್ಲ.

ಮೊದಲು ನಾನು ಎಲ್ಲವನ್ನೂ ನಮ್ಮ ಸಮಯದಲ್ಲೇ ಫೋನಿಗೆ ಹಾಕಿಕೊಂಡಿದ್ದೆ. ಡಲ್ಲಾಸ್ ಪಾಠ ಪ್ರತಿ ಭಾನುವಾರ ಸಂಜೆ 7:30. 2025ರ ಮಾರ್ಚ್ 9, ಅಲ್ಲಿ ಗಡಿಯಾರ ಮುಂದಕ್ಕೆ ಹಾಕಿದ ದಿನ. ನಾನು ದೇವರಿಗೆ ದೀಪ ಹಚ್ಚಿ ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದೆ. ಫೋನು ಒಳಗೆ ಚಾರ್ಜಿಗಿತ್ತು. 7:15ಕ್ಕೆ ನೋಡಿದರೆ ನಾಲ್ಕು ಮಿಸ್ಡ್ ಕಾಲ್, ಒಂದು ವಾಯ್ಸ್ ಮೆಸೇಜ್. "ಮೇಡಂ, ಇವತ್ತು ಪಾಠ ಇಲ್ವಾ? ಆಗ್ಲಿಂದ ಕಾಯ್ತಾ ಕೂತಿದ್ದಾಳೆ." ಹಿಂದೆ ತಂಬೂರಿಯ ಶ್ರುತಿ ಸಣ್ಣಗೆ ಕೇಳುತ್ತಿತ್ತು. ಎಂಟು ವರ್ಷದ ಮಗು, ಮುಕ್ಕಾಲು ಗಂಟೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಕೊಳ್ಳಿ ಎಂದು ನನ್ನ ಗೆಳತಿ ಹೇಳಿದಳು. ಒಬ್ಬಿಬ್ಬರು ಶಿಷ್ಯರಿದ್ದರೆ ಅದೂ ಸರಿಯೇ. ಮೂರು ಊರಿದ್ದರೆ ತಲೆ ಕೆಡುತ್ತದೆ.

ಹಾಗಾಗಿ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ನೋಡಲು ಚೆಂದ. ಫೀಸಿನ ಲೆಕ್ಕ ತಾನೇ ಹಾಕುತ್ತದೆ, ಹಿಂದಿನ ದಿನ ನೆನಪಿಸುತ್ತದೆ. ಟೈಮ್ ಜೋನ್ ಕೇಳಿದ ಕಡೆ ಊರುಗಳ ಪಟ್ಟಿ ಇರಲಿಲ್ಲ, ಬರೀ ಅಂಕಿಗಳಿದ್ದವು. ಡಲ್ಲಾಸ್‌ಗೆ ಆಗ ಜಿಎಂಟಿ -5, ಅಂದರೆ ಗ್ರೀನಿಚ್ ಸಮಯಕ್ಕಿಂತ ಐದು ಗಂಟೆ ಹಿಂದೆ, ಇತ್ತು, ಅದನ್ನೇ ಒತ್ತಿದೆ. ಪಾಠ ಸಂಜೆ 6:30ಕ್ಕೆ ಬಂತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ನಿಮಿಷ ತಪ್ಪಲಿಲ್ಲ. ಇನ್ನೇನು ಯೋಚನೆ ಇಲ್ಲ ಅಂದುಕೊಂಡೆ.

ನವೆಂಬರ್ 2, ಭಾನುವಾರ. ಆ್ಯಪ್ ಹೇಳಿದಂತೆ 6:30ಕ್ಕೆ ಶ್ರುತಿ ಹಾಕಿಕೊಂಡು ಕೂತೆ. ಯಾರೂ ಬರಲಿಲ್ಲ. ಡಲ್ಲಾಸ್‌ನಲ್ಲಿ ಆಗಿನ್ನೂ ಬೆಳಗ್ಗೆ 7. 7:30ಕ್ಕೆ ಅವಳು ಬಂದಳು, ಅದೇ ಹೊತ್ತಿಗೆ ಫೀನಿಕ್ಸ್ ಹುಡುಗನೂ ಬಂದ. ಅವನ 7 ಗಂಟೆ ನಮಗೆ ಎಂದೆಂದಿಗೂ ಸಂಜೆ 7:30 ಅಲ್ವಾ. ವಾರವೆಲ್ಲ ಜಂಟಿ ವರಸೆ ಅಭ್ಯಾಸ ಮಾಡಿಕೊಂಡು ಬಂದಿದ್ದ ಅವನನ್ನು "ಇವತ್ತು ಬೇಡ ಕಂದಾ, ನಾಳೆ ಹಾಡು" ಅಂತ ಕಳಿಸಬೇಕಾಯಿತು.

ಆ್ಯಪ್‌ನವರಿಗೆ ಬರೆದೆ. ವರ್ಷಕ್ಕೆ ಎರಡು ಸಲ ಅಂಕಿ ನೀವೇ ಬದಲಿಸಿಕೊಳ್ಳಿ ಎಂದು ಉತ್ತರ ಬಂತು. ಅದನ್ನು ಕೆಂಪು ಪೆನ್ನೂ ಮಾಡುತ್ತಿತ್ತಲ್ಲ, ದುಡ್ಡು ಯಾಕೆ ಕೊಡಬೇಕಿತ್ತು?

ತೊಡಕಿನ ಬೇರು ಇಲ್ಲಿದೆ. -5 ಅನ್ನುವುದು ಬರೀ ಅಂತರ. ಅದಕ್ಕೆ ಮಾರ್ಚ್ ಗೊತ್ತಿಲ್ಲ, ನವೆಂಬರ್ ಗೊತ್ತಿಲ್ಲ. ಊರಿನ ಹೆಸರು ಕೊಟ್ಟರೆ ಅದರ ಹಿಂದೆ ಆ ಸೀಮೆಯ ನಿಯಮಗಳೆಲ್ಲ ಇರುತ್ತವೆ. ಇಂಥ ನಿಯಮಗಳ ದೊಡ್ಡ ಪಟ್ಟಿಯೊಂದನ್ನು 1980ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಶುರು ಮಾಡಿದರು, 2011ರಿಂದ ಅದು ಇಂಟರ್ನೆಟ್ ವಿಳಾಸಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಆಸರೆಯಲ್ಲಿದೆ. ಅದರಲ್ಲಿ ನಾವೆಲ್ಲ 'ಏಷ್ಯಾ/ಕೋಲ್ಕತಾ'. ಡಲ್ಲಾಸ್ 'ಅಮೆರಿಕ/ಷಿಕಾಗೋ' ಒಳಗೆ ಬರುತ್ತದೆ. 2022ರಲ್ಲಿ ಮೆಕ್ಸಿಕೋದ ಬಹುಪಾಲು ಕಡೆ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಕೈಬಿಟ್ಟರು. ಹಾಗೆ ಬದಲಾದಾಗ ಪಟ್ಟಿಯೂ ಬದಲಾಗುತ್ತದೆ, ಅಪ್‌ಡೇಟ್ ಮೂಲಕ ನಮ್ಮ ಫೋನಿಗೆ ಬರುತ್ತದೆ. ಅದಕ್ಕೇ ಫೋನಿನ ಅಪ್‌ಡೇಟ್ ಮುಂದೂಡಬೇಡಿ.

ಗೂಗಲ್ ಕ್ಯಾಲೆಂಡರಿನಲ್ಲಿ ಪಾಠ ತೆರೆದರೆ ಸಮಯದ ಹತ್ತಿರವೇ ಟೈಮ್ ಜೋನ್ ಇದೆ. ಡಲ್ಲಾಸ್ ಪಾಠಕ್ಕಾದರೆ ಅಲ್ಲಿ ಮೊದಲು ಷಿಕಾಗೋ ಆರಿಸಿ, ಆಮೇಲೆ ಬೆಳಗ್ಗೆ 8 ಅಂತ ಬರೆಯಿರಿ. ಅಂದರೆ ಮಗುವಿನ ಗಡಿಯಾರದ ಸಮಯ. ನಿಮ್ಮ ಸಂಜೆಗೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಹೆಸರಿನ ಪಕ್ಕ ಜಿಎಂಟಿ ಅಂಕಿಯೂ ಕಾಣುತ್ತದೆ, ಹೆದರಬೇಡಿ, ಹೆಸರು ಮುಖ್ಯ. ಹಳೆಯ ಪಾಠ ತಿದ್ದುವಾಗ ಯಾವುದಕ್ಕೆಲ್ಲ ಅನ್ವಯಿಸಬೇಕು ಎಂದು ಕೇಳುತ್ತದೆ. 'ಇದು ಮತ್ತು ಮುಂದಿನವು' ಎಂದು ಕೊಡಿ. ನಾನು ಎಲ್ಲಕ್ಕೂ ಕೊಟ್ಟು, ಆಗಿಹೋದ ಪಾಠಗಳ ಸಮಯವೂ ಬದಲಾಗಿ ಫೀಸಿನ ಲೆಕ್ಕ ಕಲಸಿಹೋಯಿತು.

ಫೀನಿಕ್ಸ್‌ಗೆ ಫೀನಿಕ್ಸ್ ಎಂದೇ ಹುಡುಕಿ. ಪಟ್ಟಿಯಲ್ಲಿ ಕಾಣುವ ಡೆನ್ವರ್ ಒತ್ತಿದರೆ ಬೇಸಿಗೆಯಲ್ಲಿ ತಪ್ಪುತ್ತದೆ.

ಐಫೋನಿನ ಕ್ಯಾಲೆಂಡರಿನಲ್ಲೂ ಊರು ಆರಿಸಬಹುದು. ಔಟ್‌ಲುಕ್ ಮೂರು ಟೈಮ್ ಜೋನ್‌ಗಳನ್ನು ಪಕ್ಕಪಕ್ಕ ತೋರಿಸುತ್ತದೆ, ಆಫೀಸಿನವರಿಗೆ ಅದು ಚೆನ್ನ. ನನಗೆ ದುಡ್ಡಿಲ್ಲದೆ ಸಿಗುವುದು, ಫೋನಿನಲ್ಲೇ ಇರುವುದು, ಡಲ್ಲಾಸ್ ಅಮ್ಮನಿಗೂ ಆಹ್ವಾನ ಕಳಿಸಬಹುದಾದದ್ದು ಬೇಕಿತ್ತು. ಫೀಸಿನ ಲೆಕ್ಕ ಈಗ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಅದೊಂದು ಕೆಲಸ ಜಾಸ್ತಿ, ಆದರೂ ಪರವಾಗಿಲ್ಲ.

2026ರ ಮಾರ್ಚ್ 8ರಂದು ಡಲ್ಲಾಸ್ ಪಾಠ ತಾನಾಗಿಯೇ 7:30ರಿಂದ 6:30ಕ್ಕೆ ಬಂತು. ಲಂಡನ್ ಪಾಠ ಮೂರು ವಾರ ಹಾಗೇ ಇದ್ದು, 29ರಂದು 3:30ರಿಂದ 2:30ಕ್ಕೆ ಜರುಗಿತು. ನಾನು ಏನೂ ಮುಟ್ಟಲಿಲ್ಲ. ಆ ರಾತ್ರಿ ಸುಮ್ನೆ ನವೆಂಬರ್ 1ರ ತನಕ ಸರಿಸಿ ನೋಡಿದೆ. ಸಂಜೆ 7:30ಕ್ಕೆ ಎರಡು ಹೆಸರು ಅಕ್ಕಪಕ್ಕ ಒತ್ತಿಕೊಂಡು ನಿಂತಿದ್ದವು. ಫೀನಿಕ್ಸ್ ಹುಡುಗನ ಅಮ್ಮನಿಗೆ ಆಗಲೇ ಮೆಸೇಜ್ ಹಾಕಿದೆ. ನವೆಂಬರ್‌ನಿಂದ ಅವನ ಪಾಠ ಅಲ್ಲಿನ 8ಕ್ಕೆ.