ಹೊಸ ಮರಿಗೆ ಪಂಜರವೋ, ಜಾಲರಿ ಬಾಗಿಲೋ? ಎರಡೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಆಗಲೇ ಬೆಕ್ಕಿದ್ದು ಇನ್ನೊಂದು ಮರಿ ತರುವ ಯೋಚನೆ ಇದ್ದರೆ, ಪಂಜರಕ್ಕೆ ದುಡ್ಡು ಹಾಕಬೇಡಿ. ಒಂದು ರೂಮು ಬಿಟ್ಟುಕೊಡಿ, ಅದರ ಬಾಗಿಲಿಗೆ ಜಾಲರಿ ಹಾಕಿಸಿ.

ನಾನು ಎರಡನ್ನೂ ಬಳಸಿದ್ದೇನೆ. ಕರಿಯ ಮರಿಯಾಗಿ ಬಂದಾಗ ಪಂಜರ, ಈಚೆಗೆ ಮಿಂಚು ಬಂದಾಗ ಜಾಲರಿ ಬಾಗಿಲು. ಎರಡು ಸಲವೂ ಮನೆ ಅದೇ, ಮೈಸೂರಿನ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಎದುರಿಗಿದ್ದ ಹಿರಿಯಳೂ ಅವಳೇ, ನಮ್ಮ ಸುಬ್ಬಿ. ಅಪರಿಚಿತರು ಬಂದರೆ ಫ್ರಿಜ್ ಮೇಲೆ ಹತ್ತಿ ಕೂರುವ ಜಾತಿ ಅವಳು. ಎರಡಕ್ಕೂ ಅವಳು ಬೇರೆಬೇರೆ ಥರ ನಡೆದುಕೊಂಡಳು. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಪಂಜರದ ವಿಷಯ ಮೊದಲು. ಆನ್‌ಲೈನಲ್ಲಿ ಸಿಗುವ ಮೂರು ಅಂತಸ್ತಿನ ತಂತಿ ಪಂಜರ, ಕೆಳಗೆ ಚಕ್ರ, ತಳದಲ್ಲಿ ಎಳೆದು ತೆಗೆಯುವ ಟ್ರೇ. ನೋಡಲು ಚೆನ್ನಾಗಿಯೇ ಇತ್ತು. ಹಾಲ್‌ನಲ್ಲಿ ಇಟ್ಟರೆ ಮರಿಗೂ ಮನೆ ಅಭ್ಯಾಸವಾಗುತ್ತದೆ, ದೊಡ್ಡವರಿಗೂ ಮರಿ ಕಾಣುತ್ತದೆ, ಕಚ್ಚಾಟದ ಭಯ ಇಲ್ಲ ಅನ್ನುವುದು ಲೆಕ್ಕ.

ಆ ಟ್ರೇ ಇದೆಯಲ್ಲ, ಅದೇ ನಮ್ಮನ್ನು ಸಾಕುಸಾಕು ಮಾಡಿದ್ದು. ಟ್ರೇ ಎಳೆದ ಕೂಡಲೇ ಪಂಜರದ ಮುಂಭಾಗದಲ್ಲಿ, ತಳಕ್ಕೂ ಮೊದಲ ಅಡ್ಡಕಂಬಿಗೂ ಮಧ್ಯೆ ಉದ್ದಕ್ಕೆ ಒಂದು ಸಂದು ಬಿಟ್ಟುಕೊಳ್ಳುತ್ತದೆ. ಟ್ರೇ ಒಳಗಿದ್ದಾಗ ಅದರ ಅಂಚೇ ಆ ಸಂದನ್ನು ಮುಚ್ಚಿರುತ್ತದೆ. ಹೊರಗೆ ಬಂದರೆ ಅಲ್ಲಿ ತಡೆಯುವುದಕ್ಕೆ ಏನೂ ಇಲ್ಲ. ದೊಡ್ಡ ಬೆಕ್ಕಿಗೆ ಅದು ಸಾಲದು. ಎರಡು ತಿಂಗಳ ಮರಿಗೆ ಧಾರಾಳ. ಮರಿಯ ತಲೆ ತೂರಿತು ಅಂದರೆ ಮೈಯೂ ತೂರಿತು ಅಂತಲೇ ಲೆಕ್ಕ.

ಮರಿ ದಿನಕ್ಕೆ ನಾಲ್ಕು ಸಲ ತಿನ್ನುತ್ತದೆ. ಅಷ್ಟೇ ಸಲ ಗಲೀಜು. ಕಾಲಲ್ಲಿ ಲಿಟರ್, ಅಂದರೆ ಬೆಕ್ಕಿನ ಕಕ್ಕಸಿಗೆ ಹಾಕುವ ಮರಳಿನಂಥ ಪುಡಿ, ಕೆದರಿ ಟ್ರೇ ತುಂಬ ಚೆಲ್ಲಿರುತ್ತದೆ, ನೀರಿನ ಬಟ್ಟಲು ಅದರ ಮೇಲೇ ಮಗುಚಿರುತ್ತದೆ. ಅದು ಒಣಗಿ ಅಂಟಿಕೊಳ್ಳುವ ಮೊದಲು ಟ್ರೇ ತೆಗೆಯಲೇಬೇಕು. ಟ್ರೇ ತೆಗೆಯಬೇಕಾದರೆ ಒಬ್ಬರು ಮರಿ ಹಿಡಿದಿರಬೇಕು, ಇನ್ನೊಬ್ಬರು ಎಳೆಯಬೇಕು. ಬೆಳಿಗ್ಗೆ ನಮ್ಮನೆಯವರು ಡ್ಯೂಟಿಗೆ ಹೋದ ಮೇಲೆ ನಾನೊಬ್ಬಳೇ. ಬಲಗೈಯಲ್ಲಿ ಟ್ರೇ ಎಳೆದು, ಎಡಗೈಯಲ್ಲಿ ಸಂದಿಗೆ ರಟ್ಟು ತುರುಕುವಷ್ಟರಲ್ಲಿ ಕರಿಯ ಹೊರಗೆ. ಹೊರಗೆ ಬಂದವನು ಸೋಫಾ ಕೆಳಗೆ ನುಗ್ಗುತ್ತಿದ್ದ. ಸುಬ್ಬಿ ಮಲಗುತ್ತಿದ್ದದ್ದೇ ಅಲ್ಲಿ.

ಸದ್ದಿನ ಕಥೆ ಬೇರೆ. ತಗಡು ತಂತಿಗೆ ಉಜ್ಜಿ ಕಿರ್ರನೆ ಹಲ್ಲು ಜುಮ್ಮೆನ್ನುವ ಹಾಗೆ ಸದ್ದಾಗುತ್ತದೆ. ಸದ್ದಾದಾಗಲೆಲ್ಲ ಸುಬ್ಬಿ ಬೆಚ್ಚಿಬಿದ್ದು ಬಾಲ ಉಬ್ಬಿಸಿಕೊಂಡು ಓಡುತ್ತಿದ್ದಳು. ಸದ್ದು ಬಂದರೆ ಮರಿ ಬರುತ್ತದೆ, ಮರಿ ಬಂದರೆ ನನ್ನ ಜಾಗ ಹೋಗುತ್ತದೆ. ಬೆಕ್ಕು ಇಂಥ ಎರಡನ್ನು ಒಟ್ಟಿಗೆ ಗಂಟು ಹಾಕಿಬಿಟ್ಟರೆ ಬಿಡಿಸುವುದು ತುಂಬಾ ಕಷ್ಟ. ಕರಿಯ ಈಗ ಸುಬ್ಬಿಗಿಂತ ದಪ್ಪಗಿದ್ದಾನೆ. ಇವತ್ತಿಗೂ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದ್ದಿಲ್ಲ.

ಟ್ರೇ ಸರಿಯಿರುವ ಪಂಜರ ಸಿಕ್ಕರೂ ನಾನು ತಗೊಳ್ಳುವುದಿಲ್ಲ. ಕಾರಣ ಇಷ್ಟೇ. ಪಂಜರಕ್ಕೆ ನಾಲ್ಕೂ ಕಡೆ ಬಯಲು. ಮರಿಗೆ ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ. ಸುಬ್ಬಿ ಪಂಜರದ ಮೇಲೆ ಹತ್ತಿ ಕೂತು, ಕಂಬಿಯ ಮಧ್ಯೆ ಕೈ ಇಳಿಬಿಟ್ಟು ಬಾಚುತ್ತಿದ್ದಳು. ಕರಿಯ ಕೆಳಗಿನ ಮೂಲೆಯಲ್ಲಿ ಕಿವಿ ಚಪ್ಪಟೆ ಮಾಡಿಕೊಂಡು ಮುದುಡಿರುತ್ತಿದ್ದ. ಊಟ, ನೀರು, ಕಕ್ಕಸು ಎಲ್ಲವೂ ಒಂದು ಮಾರಿನ ಒಳಗೆ. ಬೆಕ್ಕಿಗೆ ಇದು ಎಳ್ಳಷ್ಟೂ ಹಿಡಿಸದ ಏರ್ಪಾಡು. ಸುಬ್ಬಿಯನ್ನೂ ಬೈಯುವ ಹಾಗಿಲ್ಲ. ಹಾಲ್‌ನ ಮೂಲೆಮೂಲೆಗೂ ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚಿಕೊಂಡವಳು. ಅದರ ನಟ್ಟನಡುವೆ ಬೇರೆ ವಾಸನೆ ತಂದಿಟ್ಟರೆ ಅವಳು ತಾನೇ ಏನು ಮಾಡಿಯಾಳು?

ಇನ್ನು ನಮ್ಮಮ್ಮನ ದಾರಿ. ಅಮ್ಮ ಇರುವುದು ತೀರ್ಥಹಳ್ಳಿ ಕಡೆ. "ಬೆಕ್ಕಿಗೆ ರೂಮು ಯಾಕೆ ಮಾರಾಯ್ತಿ? ಸುಮ್ನೆ ಬಿಡು, ಅವೇ ಹೊಂದ್ಕೊಳ್ತವೆ" ಅನ್ನುತ್ತಾರೆ. ಅವರ ಮನೆಯಲ್ಲಿ ಅದು ನಿಜ, ನಾನೇ ಕಣ್ಣಾರೆ ನೋಡಿಕೊಂಡು ಬೆಳೆದಿದ್ದೇನೆ. ಆದರೆ ಅಲ್ಲಿ ಅಟ್ಟ ಇದೆ, ಕೊಟ್ಟಿಗೆ ಇದೆ, ಸೌದೆ ರಾಶಿ ಇದೆ, ಆಚೆ ತೋಟ ಇದೆ. ಹಿರಿಯ ಬೆಕ್ಕಿಗೆ ಮರಿ ಮುಖ ನೋಡುವುದು ಬೇಡ ಅನ್ನಿಸಿದರೆ ಅಟ್ಟ ಹತ್ತಿ ಮಲಗುತ್ತದೆ. ಮರಿ ಸೌದೆ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ತಿಂಗಳೊಪ್ಪತ್ತಿನಲ್ಲಿ ತಾವೇ ಹತ್ತಿರ ಬರುತ್ತವೆ. ನಮ್ಮ ಮನೆಯಲ್ಲಿ ಸುಬ್ಬಿಗೆ ಎದ್ದು ಹೋಗಲು ಇರುವುದು ಫ್ರಿಜ್ ಮೇಲಿನ ಜಾಗ ಒಂದೇ. ಅಮ್ಮನ ದಾರಿ ಅಮ್ಮನ ಮನೆಗೆ ಸರಿ, ಫ್ಲ್ಯಾಟಿಗೆ ಅಲ್ಲ.

ಅಲ್ಲಿಂದಲೇ ನನಗೆ ವಿಷಯ ಹೊಳೆದದ್ದು. ಹಿರಿಯ ಬೆಕ್ಕಿಗೆ ಮರಿ ಕಾಣಬೇಕು, ಬೇಡ ಅನ್ನಿಸಿದರೆ ಎದ್ದು ಹೋಗಲು ಆಗಬೇಕು. ಮರಿಗೆ ಯಾರ ಕೈಗೂ ಸಿಗದ ಜಾಗ ಬೇಕು. ಪಂಜರದಲ್ಲಿ ಕಾಣುವುದಷ್ಟೇ ಆಗುತ್ತದೆ. ಬಾಗಿಲು ಮುಚ್ಚಿದ ರೂಮಿನಲ್ಲಿ ಬಚ್ಚಿಟ್ಟುಕೊಳ್ಳುವುದಷ್ಟೇ ಆಗುತ್ತದೆ. ರೂಮು, ಅದಕ್ಕೊಂದು ಜಾಲರಿ ಬಾಗಿಲು ಅಂದರೆ ಎರಡೂ ಆಯಿತು.

ಸೊಳ್ಳೆಗೆ ಹಾಕುವ ಅಯಸ್ಕಾಂತದ ಪರದೆ ಇದಕ್ಕೆ ನಡೆಯುವುದಿಲ್ಲ. ಮರಿ ಮಧ್ಯದ ಸೀಳಿಗೆ ಮೂತಿ ಒತ್ತಿದರೆ ಸಾಕು, ತೆರೆದುಕೊಳ್ಳುತ್ತದೆ. ವೆಲ್ಕ್ರೋ ಅಂಟಿಸುವ ನೈಲಾನ್ ಬಲೆಯೂ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಮಕ್ಕಳಿಗೆ ಹಾಕುವ ಗಿಡ್ಡ ಗೇಟು ದೊಡ್ಡ ಬೆಕ್ಕಿಗೆ ಒಂದು ನೆಗೆತ. ಬೇಕಾದದ್ದು ಬಾಗಿಲಿನಷ್ಟೇ ಎತ್ತರದ ಮರದ ಫ್ರೇಮು, ಅದಕ್ಕೆ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಕತ್ತರಿಸಿದ ತಂತಿಯ ತುದಿ ಚೂಪಾಗಿರುತ್ತದೆ, ಅದು ಪೂರ್ತಿ ಬೀಡಿಂಗ್ ಪಟ್ಟಿಯ (ಅಂಚಿಗೆ ಹೊಡೆಯುವ ತೆಳು ಮರದ ಪಟ್ಟಿ) ಒಳಗೆ ಹೋಗಬೇಕು. ಕೆಳಗೆ ಸಂದು ಬಿಡದ ಹಾಗೆ ಕೂರಿಸಲು ಹೇಳಿ. ದಾರಂದಕ್ಕೆ ಸ್ಕ್ರೂ ಹೊಡೆಯುವ ಮೊದಲು ಓನರನ್ನು ಕೇಳಿದೆ. ಖಾಲಿ ಮಾಡುವಾಗ ತೂತು ಮುಚ್ಚಿಸಿ ಪೇಂಟ್ ಹೊಡೆಸಿಕೊಡುತ್ತೇನೆ ಅಂದದ್ದಕ್ಕೆ ಒಪ್ಪಿದರು.

ಮಿಂಚು ಬಂದ ಕೂಡಲೇ ಜಾಲರಿ ತೋರಿಸಲಿಲ್ಲ. ಮೊದಲ ಎರಡು ವಾರ ಮರದ ಬಾಗಿಲೇ ಮುಚ್ಚಿತ್ತು. ಇದು ಮುನಿಸಿಗಿಂತ ಕಾಯಿಲೆಯ ಸಲುವಾಗಿ. ಬೀದಿಯಿಂದ ಬಂದ ಮರಿ ನೋಡಲು ಚೂಟಿಯಾಗಿದ್ದರೂ ಒಳಗೆ ಪ್ಯಾನ್‌ಲ್ಯೂಕೋಪೀನಿಯಾ ಇರಬಹುದು. ಬೆಕ್ಕಿನ ಪಾರ್ವೋ ಅನ್ನುತ್ತಾರಲ್ಲ, ಅದೇ, ಮರಿಗಳ ಜೀವ ತೆಗೆಯುವ ವೈರಸ್ ಕಾಯಿಲೆ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣುವುದಕ್ಕೆ ವಾರ, ಹತ್ತು ದಿನ ಹಿಡಿಯಬಹುದು. ಆ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯುತ್ತದೆ. ನಮ್ಮ ಕೈಯಲ್ಲಿ, ಚಪ್ಪಲಿಯಲ್ಲಿ ದಾಟುತ್ತದೆ. ಹಾಗಾಗಿ ಮರಿಯ ರೂಮಿಗೆ ಬೇರೆ ಚಪ್ಪಲಿ, ಬೇರೆ ಬಟ್ಟಲು, ಹೊರಗೆ ಬಂದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು. ನೆಲಕ್ಕೆ 1 ಪಾಲು ಬ್ಲೀಚಿಗೆ 32 ಪಾಲು ನೀರು, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು, ಒಣಗಿದ ಮೇಲೆ ಮರಿಯನ್ನು ಬಿಡುವುದು. ಪಂಜರ ಹಾಲ್‌ನಲ್ಲಿದ್ದರೆ ಈ ಜಾಗರೂಕತೆ ಯಾವುದೂ ನಡೆಯುವುದಿಲ್ಲ, ಮರಿ ಸೀನಿದರೆ ಹಿರಿಯ ಬೆಕ್ಕಿನ ಮೂತಿಗೇ ಹೋಗುತ್ತದೆ.

ಫಿನೈಲ್ ಮಾತ್ರ ಯಾವ ಕಾರಣಕ್ಕೂ ಬೇಡ. ಫೀನಾಲ್ ಇರುವ ವಸ್ತುಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕಲಾರದು. ನೆಲದಲ್ಲಿ ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುವ ಪ್ರಾಣಿ ಅದು. ಹಾಗೇ ಚಿಗಟಕ್ಕೆ ಅಂತ ನಾಯಿಯ ಔಷಧಿ ಹಚ್ಚಬೇಡಿ. ಅವುಗಳಲ್ಲಿ ಹಲವದರಲ್ಲಿ ಇರುವ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಬೆಕ್ಕಿನ ಜೀವಕ್ಕೇ ಕುತ್ತು.

ಲಸಿಕೆ 6ರಿಂದ 8 ವಾರಕ್ಕೆ ಶುರು. ಆಮೇಲೆ 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಮನೆಯ ದೊಡ್ಡ ಬೆಕ್ಕುಗಳ ಲಸಿಕೆ ಬಾಕಿ ಇದ್ದರೆ ಮರಿ ತರುವ ಮೊದಲೇ ಮುಗಿಸಿ.

ಬಾಗಿಲು ಮುಚ್ಚಿದ್ದಾಗಲೂ ವಾಸನೆಯ ಪರಿಚಯ ಮಾಡಿಸಬಹುದು. ಡಾಕ್ಟರು ಮರಿಯನ್ನು ನೋಡಿ ಏನೂ ಇಲ್ಲ ಅಂದ ಮೇಲೆ, ಹಳೇ ಕಾಟನ್ ಸಾಕ್ಸ್‌ನಿಂದ ಅದರ ಕೆನ್ನೆ ಉಜ್ಜಿ ಸುಬ್ಬಿಯ ತಟ್ಟೆಯ ಹತ್ತಿರ ಇಟ್ಟೆ. ಸುಬ್ಬಿಯದ್ದನ್ನು ಮರಿ ಹತ್ತಿರ. ಮೊದಲು ಸಾಕ್ಸಿಗೇ ಬುಸ್ ಅಂದಳು. ಊಟದ ಜೊತೆ ದಿನಾ ಅದೇ ವಾಸನೆ ಬರುತ್ತಿದ್ದ ಹಾಗೆ ಮೂಸಿ ಸುಮ್ಮನಾದಳು. ಕರಿಯ ಮಾತ್ರ ಆ ಸಾಕ್ಸನ್ನು ಕಚ್ಚಿಕೊಂಡು ಹೋಗಿ ಅದರ ಮೇಲೇ ಮಲಗಿದ.

ಆಮೇಲೆ ಮರದ ಬಾಗಿಲು ತೆಗೆದು ಜಾಲರಿ ಬಾಗಿಲು. ಬೇಯಿಸಿದ ಚಿಕನ್, ಉಪ್ಪಿಲ್ಲದ್ದು, ಎರಡೂ ಕಡೆ ಒಂದೇ ಹೊತ್ತಿಗೆ. ಸುಬ್ಬಿಯ ತಟ್ಟೆ ಮೊದಲು ಡೈನಿಂಗ್ ಟೇಬಲ್ ಹತ್ತಿರ ಇತ್ತು. ಅವಳು ತಲೆ ಎತ್ತದೆ ತಿಂದರೆ ಮರುದಿನ ಒಂದು ಟೈಲ್ಸ್‌ನಷ್ಟು ಮುಂದೆ. ತಿನ್ನುವುದು ಬಿಟ್ಟು ನೋಡಿದರೆ ಒಂದು ಟೈಲ್ಸ್ ಹಿಂದೆ. ಬುಸ್ ಅಂದರೆ ಹೆದರಬೇಡಿ, ದೂರ ಇರು ಅಂತ ಮಾತಾಡುವುದು ಅದು. ಸದ್ದಿಲ್ಲದೆ ಮೈ ತಗ್ಗಿಸಿ, ಕಣ್ಣು ಮಿಟುಕಿಸದೆ, ಬಾಲದ ತುದಿ ಮಾತ್ರ ಆಡಿಸುತ್ತಾ ದಿಟ್ಟಿಸಿದರೆ ಆ ದಿನಕ್ಕೆ ಮರದ ಬಾಗಿಲು ಹಾಕಿಬಿಡಿ.

ಸುಬ್ಬಿಯ ಕಿವಿ ನೋಡುತ್ತಾ ಕೂರುವುದೇ ನನ್ನ ಕೆಲಸವಾಗಿತ್ತು. ಬಾಯಿ ಚಿಕನ್ ಮೆಲ್ಲುತ್ತಿದ್ದರೂ ಎರಡು ಕಿವಿ ಹಿಂದಕ್ಕೆ ತಿರುಗಿರುತ್ತಿದ್ದವು. ಒಂದು ಸಂಜೆ ಮಿಂಚು ಜಾಲರಿಗೆ ಮೂಗು ಒತ್ತಿಕೊಂಡು ಕುಂಯ್ ಅಂದಳು. ಸುಬ್ಬಿಯ ಎಡಗಿವಿ ಮುಂದಕ್ಕೆ ತಿರುಗಿತು, ಸ್ವಲ್ಪ ಹೊತ್ತಿಗೆ ಬಲಗಿವಿಯೂ. ತಿಂದು ಮುಗಿಸಿ, ಜಾಲರಿ ಹತ್ತಿರ ಹೋಗಿ, ಆ ಮೂಗು ಮೂಸಿ, ಹಿಂದಿರುಗಿ ಬಂದು ಕಾಲು ಚಾಚಿ ಮೈ ನೆಕ್ಕಿಕೊಂಡಳು. ಬೆಕ್ಕು ಎದುರಾಳಿಯ ಮುಂದೆ ಹಾಗೆ ನಿರಾಳವಾಗಿ ಕೂರುವುದಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಡ್ಯೂಟಿಯಲ್ಲಿದ್ದ ನಮ್ಮನೆಯವರಿಗೆ ಫೋನ್ ಮಾಡಿ ಹೇಳಿದೆ. ಈಗ ಒಂದೇ ಮಂಚದಲ್ಲಿ, ಮಧ್ಯೆ ಗೇಣು ಜಾಗ ಬಿಟ್ಟು ಮಲಗುತ್ತಾರೆ.

ಪ್ಲಗ್ಗಿಗೆ ಹಾಕುವ ಫೆರೊಮೋನ್ ಡಿಫ್ಯೂಸರನ್ನೂ, ಅಂದರೆ ಬೆಕ್ಕನ್ನು ಸಮಾಧಾನ ಮಾಡುವ ವಾಸನೆ ಬಿಡುವ ಯಂತ್ರ, ತಂದು ನೋಡಿದೆ. ಕಿಟಕಿ ಮುಚ್ಚಿದ ಎಸಿ ಮನೆಯಲ್ಲಿ ಕೆಲಸ ಮಾಡಬಹುದೇನೋ. ನಮ್ಮದು ಇಡೀ ದಿನ ಕಿಟಕಿ ತೆರೆದು ಫ್ಯಾನ್ ಓಡುವ ಮನೆ. ವ್ಯತ್ಯಾಸ ಕಾಣಲಿಲ್ಲ, ತಿಂಗಳಿಗೊಂದು ರೀಫಿಲ್ ಖರ್ಚು ಬೇರೆ.

ಲಿಟರ್ ಬಾಕ್ಸ್ ಬೆಕ್ಕುಗಳ ಲೆಕ್ಕಕ್ಕಿಂತ ಒಂದು ಜಾಸ್ತಿ ಇರಲಿ. ಒದ್ದೆಯಾದರೆ ಗಟ್ಟಿಯಾಗುವ ಬೆಂಟೊನೈಟ್ ಮಣ್ಣಿನ ಲಿಟರನ್ನು ತೀರಾ ಎಳೆ ಮರಿ ಬಾಯಿಗೆ ಹಾಕಿಕೊಳ್ಳುತ್ತದೆ, ಅದಕ್ಕೆ ಪೈನ್ ಮರದ ಪೆಲೆಟ್ ವಾಸಿ.

ಖರ್ಚು ನೋಡಿದರೆ, ಕಾರ್ಪೆಂಟರ್ ಕೂಲಿ ಸೇರಿ ಜಾಲರಿ ಬಾಗಿಲಿಗೆ ಪಂಜರಕ್ಕಿಂತ ಕಡಿಮೆಯೇ ಆಯಿತು. ಪಂಜರ ಈಗ ಟೆರೇಸಿನಲ್ಲಿ ಹಪ್ಪಳ ಒಣಗಿಸಲು ಉಪಯೋಗಕ್ಕೆ ಬರುತ್ತಿದೆ, ಕಾಗೆ ಕಾಟ ಇಲ್ಲ. ಜಾಲರಿ ಬಾಗಿಲಿನ ತೊಂದರೆ ಅಂದರೆ ಒಂದು ರೂಮು ಹೋಗುತ್ತದೆ. ನನಗೆ ಅದು ಭಾರವಾಗಲಿಲ್ಲ. ಹಗಲೆಲ್ಲ ಮನೆಯಲ್ಲೇ ಇರುತ್ತೇನೆ, ಹೊಲಿಗೆ ಮಷಿನ್ ಆ ರೂಮಿನಲ್ಲೇ ಇದೆ, ಮಿಂಚು ಪೆಡಲ್ ಪಕ್ಕದಲ್ಲಿ ಮಲಗುತ್ತಿದ್ದಳು. ಇಬ್ಬರೂ ಬೆಳಿಗ್ಗೆ ಹೋದರೆ ರಾತ್ರಿ ಬರುವವರು ಒಂದು ಮರಿಯನ್ನು ಅಷ್ಟು ಹೊತ್ತು ಒಂಟಿ ಬಿಡುವುದಕ್ಕಿಂತ, ಒಟ್ಟಿಗೆ ಹುಟ್ಟಿದ ಎರಡು ಮರಿ ತರುವುದು ಒಳ್ಳೆಯದು.

ಒಂದೇ ರೂಮಿನ ಮನೆಯವರಿಗೆ ಪಂಜರ ಬಿಟ್ಟರೆ ಗತಿಯಿಲ್ಲ, ಗೊತ್ತು. ಹಾಗಿದ್ದರೆ ಅದನ್ನು ಗೋಡೆ ಮೂಲೆಗೆ ಒತ್ತಿ ಇಡಿ. ಮೇಲೂ ಎರಡು ಪಕ್ಕಕ್ಕೂ ದಪ್ಪ ಬೆಡ್‌ಶೀಟ್ ಹೊದಿಸಿ. ಒಳಗೆ ಒಂದು ರಟ್ಟಿನ ಡಬ್ಬ ಮಗುಚಿಟ್ಟು ಮರಿ ತೂರುವಷ್ಟು ಬಾಯಿ ಕೊರೆಯಿರಿ. ಕೊಳ್ಳುವ ಮೊದಲು ಟ್ರೇ ಎಳೆದು ನೋಡಿ, ಆ ಸಂದಿನಲ್ಲಿ ಮರಿಯ ತಲೆ ತೂರುವ ಹಾಗಿದ್ದರೆ ಆ ಪಂಜರ ಬೇಡ.

ಜಾಲರಿ ಬಾಗಿಲು ಮಾಡಿಸುವವರು ಚಿಲಕ ಎರಡೂ ಕಡೆಯಿಂದ ತೆಗೆಯುವ ಹಾಗೆ ಹಾಕಿಸಿಕೊಳ್ಳಿ. ನಮ್ಮ ಕಾರ್ಪೆಂಟರ್ ಹೊರಗಡೆ ಮಾತ್ರ ಹಾಕಿದ್ದರು. ನಾನು ಒಳಗಿದ್ದಾಗ ಕರಿಯ ಬಾಗಿಲು ತಳ್ಳಿಕೊಂಡು ಬರುತ್ತಿದ್ದ. ಒಳಗಡೆಗೂ ಒಂದು ಚಿಕ್ಕ ಕೊಂಡಿ ಹಾಕಿಸಿದ ಮೇಲೆ ಸರಿಹೋಯಿತು.