ಅಪ್ಪನ ಎದೆಬಡಿತ ತಪ್ಪಿದಾಗ ಹೋದ ಹಾಸನದ ಹಾರ್ಟ್ ಕ್ಲಿನಿಕ್

ಅಪ್ಪನಿಗೆ 76 ವರ್ಷ, ಬಿಪಿ ಬೇರೆ ಇದೆ. ಎದೆಬಡಿತ ಲಯ ತಪ್ಪಿದೆ ಅಂತ ಇಸಿಜಿಯಲ್ಲಿ ಗೊತ್ತಾದ ಮೇಲೆ ಬೇಲೂರಿನಿಂದ ಬಸ್ ಹತ್ತಿ ಹಾಸನದ ಈ ಕ್ಲಿನಿಕ್ಕಿಗೆ ಬಂದೆವು. ಎರಡೂವರೆ ಗಂಟೆ ಕಾಯಿಸಿದರು, ಕೂರಲು ಕುರ್ಚಿ ಸಾಲದು, ಅದು ಬೇಜಾರೇ. ಆದರೆ ಡಾಕ್ಟರ್ ಆತುರ ಮಾಡಲಿಲ್ಲ. ಅಪ್ಪನ ಬೆರಳನ್ನು ಅಪ್ಪನ ಮಣಿಕಟ್ಟಿನ ಮೇಲೇ ಇಡಿಸಿ, 'ನೋಡಿ ಯಜಮಾನ್ರೇ, ಎರಡು ಬಡಿತ ಬೇಗ, ಒಂದು ತಡ' ಅಂತ ತೋರಿಸಿದರು. ಹೀಗಾದಾಗ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಮೆದುಳಿಗೆ ಹೋದರೆ ಲಕ್ವ. ಆ ಅಪಾಯ ಸುಮಾರು 5 ಪಟ್ಟು ಜಾಸ್ತಿ.

ಕಿಡ್ನಿ, ಹಿಮೋಗ್ಲೋಬಿನ್ ಟೆಸ್ಟ್ ನೋಡಿದ ಮೇಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಾಬಾನ್ ಮಾತ್ರೆ ಬರೆದರು, ಬೆಳಿಗ್ಗೆ ಒಂದು, ರಾತ್ರಿ ಒಂದು. ಇದೇ ಕೆಲಸ ಮಾಡುವ ಹಳೆಯ ಮಾತ್ರೆ ವಾರ್ಫರಿನ್ ಅಗ್ಗ, ಆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಳತೆ) 2ರಿಂದ 3ರೊಳಗೆ ಇದೆಯಾ ಅಂತ ಆಗಾಗ ರಕ್ತ ಕೊಟ್ಟು ನೋಡಬೇಕು, ಸೊಪ್ಪು ಒಂದು ದಿನ ರಾಶಿ, ಇನ್ನೊಂದು ದಿನ ಇಲ್ಲ ಅಂದರೆ ಲೆಕ್ಕ ತಪ್ಪುತ್ತದೆ. ಅಪಿಕ್ಸಾಬಾನ್‌ಗೆ ಬಸ್ಸಾರು ಬಿಡಬೇಕಿಲ್ಲ ಅಂದಾಗ ಅಪ್ಪನ ಮುಖ ಅರಳಿತು.

ನನಗೆ ತುಂಬಾ ಇಷ್ಟವಾದದ್ದು ನರ್ಸ್ ಅಕ್ಕನ ಕಾಳಜಿ. ಮಂಡಿನೋವಿಗೆ ಅಪ್ಪ ಮೆಡಿಕಲ್‌ನಿಂದ ಸುಮ್ನೆ ತಂದು ನುಂಗುತ್ತಿದ್ದ ಡೈಕ್ಲೋಫೆನಾಕ್ ಸ್ಟ್ರಿಪ್ಪನ್ನು ಚೀಲದಿಂದ ತೆಗೆಸಿ, ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು ಅಂತ ಪಕ್ಕಕ್ಕಿಟ್ಟರು. ಮಲ ಕಪ್ಪಗಾದರೆ, ತಲೆಗೆ ಪೆಟ್ಟಾದರೆ ತಕ್ಷಣ ಬನ್ನಿ. ಹುಷಾರಾಯ್ತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಇದನ್ನು ಎರಡು ಸಲ ಹೇಳಿ, ಅಪ್ಪನ ಬಾಯಲ್ಲೂ ಹೇಳಿಸಿದರು.

ಹೋಗುವವರು ಬೆಳಿಗ್ಗೆ ಬೇಗ ಟೋಕನ್ ತಗೊಳ್ಳಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡೇ ಹೋಗಿ.