ಒಂದೇ ಬ್ಯಾಂಕಿನಿಂದ ಎರಡನೆಯ ಪ್ರಯಾಣ ಕಾರ್ಡು: ಅಪ್‌ಗ್ರೇಡೋ, ಹೊಸ ಅರ್ಜಿಯೋ, ಬೇರೆ ಬ್ಯಾಂಕೋ?

ಪ್ರಯಾಣದ ರಿವಾರ್ಡ್ ಪಾಯಿಂಟ್ ಕೊಡುವ ಕ್ರೆಡಿಟ್ ಕಾರ್ಡೊಂದು ಈಗಾಗಲೇ ಕೈಯಲ್ಲಿದ್ದು, ಅದೇ ಬ್ಯಾಂಕು ವಿಮಾನಯಾನ ಸಂಸ್ಥೆಯೊಂದರ ಜೊತೆಗೂಡಿ ಹೊರತಂದ ಮತ್ತೊಂದು ಕಾರ್ಡಿನ ಮೇಲೆ ಕಣ್ಣು ಬಿದ್ದವರ ಮುಂದೆ ಮೂರು ದಾರಿಗಳಿರುತ್ತವೆ. ಇರುವ ಕಾರ್ಡನ್ನೇ ಮೇಲ್ದರ್ಜೆಗೆ ಏರಿಸಿಕೊಳ್ಳಬಹುದು. ಅದನ್ನು ಹಾಗೆಯೇ ಉಳಿಸಿಕೊಂಡು ಎರಡನೆಯದಕ್ಕೆ ಬೇರೆ ಅರ್ಜಿ ಹಾಕಬಹುದು. ಇಲ್ಲವೇ ಈ ಬ್ಯಾಂಕಿನ ಸಹವಾಸವೇ ಬೇಡವೆಂದು ಇನ್ನೊಂದು ಬ್ಯಾಂಕಿನಿಂದ ಅಂಥದೇ ಕಾರ್ಡನ್ನು ಪಡೆಯಬಹುದು. ಕಳೆದ ಕೆಲವು ವರ್ಷಗಳಲ್ಲಿ ಈ ಮೂರನ್ನೂ ನಾನು ಮಾಡಿ ನೋಡಿದ್ದೇನೆ. ಮೊದಲನೆಯದರಲ್ಲಿ ಕೈ ಸುಟ್ಟುಕೊಂಡೆ, ಮೂರನೆಯದು ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ, ಎರಡನೆಯದರಿಂದ ಪಡೆದ ಕಾರ್ಡು ಇಂದಿಗೂ ನನ್ನ ಪರ್ಸಿನಲ್ಲಿದೆ. ಆದ್ದರಿಂದ ಮುಂದಿನದು ಪಕ್ಷಪಾತವಿಲ್ಲದ ತೂಗಾಟವೆಂದು ಯಾರೂ ಭಾವಿಸಬೇಕಾಗಿಲ್ಲ. ಯಾವ ಕಾರ್ಡಿಗೆ ಎಷ್ಟು ಪಾಯಿಂಟ್ ಎಂಬ ಪಟ್ಟಿಗಳು ಬ್ಯಾಂಕುಗಳ ಜಾಲತಾಣಗಳಲ್ಲೇ ಇರುವುದರಿಂದ ಅವನ್ನೂ ಇಲ್ಲಿ ಎತ್ತಿಕೊಂಡಿಲ್ಲ.

ಅಪ್‌ಗ್ರೇಡ್ ಮೂರರಲ್ಲಿ ಅತ್ಯಂತ ಸುಲಭದ್ದು. ಸುಲಭವೆಂಬ ಕಾರಣಕ್ಕೇ ನಾನು ಅದರ ಬಲೆಗೆ ಬಿದ್ದೆ. ಬ್ಯಾಂಕಿನ ಆ್ಯಪ್ ತೆರೆದೊಡನೆ, ನನಗಾಗಿಯೇ ಆಯ್ದ ಕೊಡುಗೆಯೆಂಬ ಫಲಕ ಕಾಣಿಸಿತು. ದಾಖಲೆ ಬೇಡ, ಅರ್ಜಿ ಬೇಡ, ಒಂದು ಒಟಿಪಿ ಸಾಕು. ನಾಲ್ಕು ದಿನಗಳಲ್ಲಿ ಹೊಸ ಕಾರ್ಡು ಮನೆಗೆ ಬಂತು. ಅದರ ಜೊತೆಗೆ ಬರಬೇಕಾಗಿದ್ದ ಸ್ವಾಗತ ಬೋನಸ್, ಅಂದರೆ ಹೊಸ ಕಾರ್ಡು ಪಡೆದವರಿಗೆ ಆರಂಭದಲ್ಲಿ ಸಿಗುವ ಹೆಚ್ಚುವರಿ ಪಾಯಿಂಟುಗಳು, ಮಾತ್ರ ಬರಲಿಲ್ಲ. ಎರಡು ತಿಂಗಳು ಕಾದು ಕೇಳಿದಾಗ, ಬೋನಸ್ ಇರುವುದು ಆ ಕಾರ್ಡಿಗೆ ಹೊಸದಾಗಿ ಅರ್ಜಿ ಸಲ್ಲಿಸಿದವರಿಗೆ, ಹಳೆಯ ಕಾರ್ಡಿನಿಂದ ಏರಿಬಂದವರಿಗೆ ಅಲ್ಲ ಎಂಬ ಉತ್ತರ ಬಂತು. ನಿಯಮಾವಳಿಯನ್ನು ತೆಗೆದು ನೋಡಿದರೆ ಅದು ನಿಜವೇ ಆಗಿತ್ತು. ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಕಾರ್ಡನ್ನು ಅಪ್‌ಗ್ರೇಡ್ ಮಾಡಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಹೇಳುತ್ತವೆ. ಅಂಥ ರಕ್ಷಣೆ ನನ್ನ ನೆರವಿಗೆ ಬರುವಂತಿರಲಿಲ್ಲ, ಏಕೆಂದರೆ ಒಪ್ಪಿಗೆಯ ಗುಂಡಿಯನ್ನು ಒತ್ತಿದ್ದು ನನ್ನದೇ ಬೆರಳು.

ಪ್ರಯಾಣದ ಕಾರ್ಡುಗಳಲ್ಲಿ ಮೊದಲ ವರ್ಷದ ಲಾಭದ ಬಹುಪಾಲು ಸ್ವಾಗತ ಬೋನಸ್ಸಿನಲ್ಲೇ ಇರುತ್ತದೆ. ಅದನ್ನು ಬಿಟ್ಟುಕೊಟ್ಟು, ಹೆಚ್ಚಿನ ವಾರ್ಷಿಕ ಶುಲ್ಕವನ್ನು ಮಾತ್ರ ಹೊತ್ತುಕೊಳ್ಳುವುದು ಮದುವೆಗೆ ಹೋಗಿ ಉಡುಗೊರೆ ಕೊಟ್ಟು ಊಟ ಮಾಡದೆ ಬಂದಂತೆ. ಹಳೆಯ ಕಾರ್ಡಿನ ಸಂಖ್ಯೆಯೂ ರದ್ದಾದ್ದರಿಂದ ಅದಕ್ಕೆ ಜೋಡಿಸಿದ್ದ ವಿದ್ಯುತ್, ಫೋನ್, ವಿಮೆಯ ಸ್ವಯಂ ಪಾವತಿಗಳನ್ನೆಲ್ಲ ಮತ್ತೆ ಕಟ್ಟಿಕೊಳ್ಳಬೇಕಾಯಿತು. ಇಷ್ಟೆಲ್ಲ ಆದ ಮೇಲೂ ನನ್ನ ಬಳಿ ಇದ್ದದ್ದು ಒಂದೇ ಕಾರ್ಡು. ಖಾತೆಯ ವಯಸ್ಸು ಉಳಿಯುತ್ತದೆ, ಕ್ರೆಡಿಟ್ ವರದಿಯಲ್ಲಿ (ನಮ್ಮ ಸಾಲಗಳ ದಾಖಲೆಯಲ್ಲಿ) ಹೊಸ ವಿಚಾರಣೆ ಸಾಮಾನ್ಯವಾಗಿ ದಾಖಲಾಗುವುದಿಲ್ಲ ಎಂಬುದಷ್ಟೇ ಇದರ ಪರವಾಗಿ ನಾನು ಹೇಳಬಹುದಾದದ್ದು.

ಎರಡನೆಯ ದಾರಿಯೂ ಮೊದಲ ಯತ್ನದಲ್ಲೇ ತೆರೆಯಲಿಲ್ಲ. ಬ್ಯಾಂಕಿನ ಜಾಲತಾಣದಲ್ಲಿ ಎಲ್ಲರಿಗೂ ಇರುವ ಅರ್ಜಿ ಪುಟಕ್ಕೆ ಹೋಗಿ, ಹೆಸರು, ಉದ್ಯೋಗ, ಆದಾಯ ಎಲ್ಲವನ್ನೂ ಹೊಸಬರಂತೆ ತುಂಬಿದೆ. ಒಂದೇ ವಾರದಲ್ಲಿ ಅರ್ಜಿ ತಿರಸ್ಕೃತವಾಯಿತು. ನನ್ನ ಕ್ರೆಡಿಟ್ ಅಂಕದಲ್ಲಿ ಕೊರತೆಯಿರಲಿಲ್ಲ, ಒಂದು ಕಂತನ್ನೂ ತಪ್ಪಿಸಿದವನಲ್ಲ. ಹೀಗಾಗಿ ಮೊದಲು ಬಂದದ್ದು ಸಿಟ್ಟು. ತಿರಸ್ಕಾರದ ಕಾರಣವನ್ನು ಬರಹದಲ್ಲಿ ತಿಳಿಸುವುದು ಭಾರತದಲ್ಲಿ ಕಾರ್ಡು ನೀಡುವ ಸಂಸ್ಥೆಯ ಹೊಣೆ. ಅಮೆರಿಕದಲ್ಲಿಯೂ ಸಮಾನ ಸಾಲಾವಕಾಶದ ಕಾನೂನಿನಡಿ ಸಾಮಾನ್ಯವಾಗಿ 30 ದಿನಗಳೊಳಗೆ ನಿರ್ಧಾರವನ್ನು ತಿಳಿಸಬೇಕು, ಅರ್ಜಿದಾರರಿಗೆ ಕಾರಣ ತಿಳಿಯುವ ಹಕ್ಕೂ ಇದೆ. ಇಂಥ ಪತ್ರವನ್ನು ಬಹಳ ಮಂದಿ ಓದದೆ ಅಳಿಸಿಬಿಡುತ್ತಾರೆ. ನಾನು ಓದಿದೆ. ನನಗೆ ಈಗಾಗಲೇ ನೀಡಲಾಗಿರುವ ಸಾಲದ ಮಿತಿ ನನ್ನ ಆದಾಯಕ್ಕೆ ತಕ್ಕಷ್ಟಿದೆ ಎಂಬರ್ಥದ ಒಂದೇ ಸಾಲು ಅದರಲ್ಲಿತ್ತು.

ಆ ಒಂದು ಸಾಲಿನಿಂದ ನನಗೆ ವಿಷಯ ಹೊಳೆಯಿತು. ಒಬ್ಬರ ಕೈಯಲ್ಲಿ ಎಷ್ಟು ಕಾರ್ಡುಗಳಿವೆ ಎಂಬುದಕ್ಕಿಂತ, ಆ ಒಬ್ಬರು ಕೈಯೆತ್ತಿದರೆ ತನ್ನ ಎಷ್ಟು ಹಣ ಮುಳುಗುತ್ತದೆ ಎಂಬುದೇ ಬ್ಯಾಂಕಿಗೆ ಮುಖ್ಯ. ಆ ಒಟ್ಟು ಮೊತ್ತಕ್ಕೆ ಪ್ರತಿ ಗ್ರಾಹಕರ ಹೆಸರಿನಲ್ಲೂ ಬ್ಯಾಂಕು ಒಳಗೊಳಗೇ ಒಂದು ಗೆರೆ ಎಳೆದಿರುತ್ತದೆ. ಮೊದಲ ಕಾರ್ಡಿನ ಮಿತಿಯನ್ನು ಹೆಚ್ಚಿಸುತ್ತೇವೆಂದು ಸಂದೇಶ ಬಂದಾಗಲೆಲ್ಲ ನಾನು ಹಿಗ್ಗಿ ಒಪ್ಪಿಕೊಂಡಿದ್ದೆ. ಹಾಗೆ ಒಪ್ಪಿಕೊಳ್ಳುತ್ತಲೇ ಎರಡನೆಯ ಕಾರ್ಡಿಗೆ ಉಳಿಯಬೇಕಾಗಿದ್ದ ಜಾಗವನ್ನೆಲ್ಲ ತುಂಬಿಸಿಬಿಟ್ಟಿದ್ದೆ. ಮೂರು ತಿಂಗಳು ಬಿಟ್ಟು ಎರಡನೆಯ ಬಾರಿ ಹೋದದ್ದು ನೆಟ್‌ಬ್ಯಾಂಕಿಂಗ್ ಒಳಗಿನಿಂದ. ಈಗಿನ ಗ್ರಾಹಕರಿಗೆ ಹೆಚ್ಚುವರಿ ಕಾರ್ಡು ಎಂಬ ಪುಟದಲ್ಲಿ, ಹೊಸ ಮಿತಿ ಬೇಡ, ಇರುವ ಮಿತಿಯೊಳಗೇ ಎರಡನೆಯ ಕಾರ್ಡು ಸಾಕು ಎಂಬ ಆಯ್ಕೆಯನ್ನು ಗುರುತು ಮಾಡಿದೆ. ಆದಾಯದ ದಾಖಲೆಯನ್ನೂ ಕೇಳಲಿಲ್ಲ. ಮರುದಿನವೇ ಮಂಜೂರಾತಿಯ ಸಂದೇಶ ಬಂತು. ಅದೇ ಮನುಷ್ಯ, ಅದೇ ಆದಾಯ, ಅದೇ ಬ್ಯಾಂಕು. ಮೊದಲ ಸಲ ಹೊಸ ಸಾಲ ಕೇಳಿದ್ದೆ, ಈ ಸಲ ಇದ್ದ ಸಾಲವನ್ನೇ ಎರಡು ಪ್ಲಾಸ್ಟಿಕ್ ತುಂಡುಗಳ ಮೇಲೆ ಹಂಚಿಕೊಡಿ ಎಂದು ಕೇಳಿದ್ದೆ. ಇದು ಹೊಸ ಅರ್ಜಿಯಾದ್ದರಿಂದ ಸ್ವಾಗತ ಬೋನಸ್ಸೂ ಬಂತು. ಎಲ್ಲ ಬ್ಯಾಂಕುಗಳಲ್ಲೂ ಮಿತಿ ಹೀಗೆ ಹಂಚಿಕೆಯದೇ ಆಗಿರುವುದಿಲ್ಲ. ಕಾರ್ಡಿಗೊಂದು ಪ್ರತ್ಯೇಕ ಮಿತಿ ಕೊಡುವ ಬ್ಯಾಂಕುಗಳಲ್ಲಿ, ಮೊದಲ ಕಾರ್ಡಿನ ಮಿತಿಯಿಂದ ಇಷ್ಟನ್ನು ಕಡಿದು ಎರಡನೆಯದಕ್ಕೆ ಹಾಕಿ ಎಂದು ಗ್ರಾಹಕ ಸೇವೆಯವರಿಗೆ ಫೋನ್ ಮಾಡಿ ಕೇಳಿದರೆ ತಿರಸ್ಕೃತ ಅರ್ಜಿಯನ್ನು ಮರುಪರಿಶೀಲಿಸುವುದುಂಟು.

ಇನ್ನು ಈ ದಾರಿಯ ತೊಡಕು. ಮಂಜೂರಾತಿಯನ್ನು ಇಷ್ಟು ಸಲೀಸಾಗಿಸಿದ ಆ ಹಂಚಿಕೆಯ ಮಿತಿಯೇ ಮೊದಲ ಪ್ರಯಾಣದಲ್ಲಿ ನನ್ನನ್ನು ಬೀದಿಗೆ ತಂದಿತು.

ಹೋಟೆಲಿನ ಕೌಂಟರಿನಲ್ಲಿ ಹಳೆಯ ಕಾರ್ಡನ್ನು ಕೊಟ್ಟೆ, ಏಕೆಂದರೆ ವಸತಿಯ ಮೇಲೆ ಹೆಚ್ಚು ಪಾಯಿಂಟ್ ಕೊಡುವುದು ಅದೇ. ಕೌಂಟರಿನವರು ಕಾರ್ಡನ್ನು ಯಂತ್ರಕ್ಕೆ ತೂರಿಸಿ, ಕೋಣೆಯ ಬಾಡಿಗೆಯ ಜೊತೆಗೆ ಭದ್ರತಾ ಠೇವಣಿಯನ್ನೂ ಸೇರಿಸಿ ಮೊತ್ತವನ್ನು ತಡೆಹಿಡಿದರು. ಇದು ಖರ್ಚಲ್ಲ ಸರ್, ಬರೀ ಹೋಲ್ಡ್ ಎಂದು ನಕ್ಕರು. ನನ್ನ ಒಟ್ಟು ಮಿತಿ ನೂರು ಪಾಲೆಂದು ಇಟ್ಟುಕೊಂಡರೆ, ಬರುವ ವಿಮಾನದ ಟಿಕೆಟ್ಟುಗಳಿಗೆ ಮೊದಲೇ ನಲವತ್ತೈದು ಪಾಲು ಹೋಗಿತ್ತು, ಈ ಹೋಲ್ಡಿನಿಂದ ಇನ್ನೂ ನಲವತ್ತು ಪಾಲು ಬಂದಿಯಾಯಿತು. ಮೂರನೆಯ ದಿನ ಸಂಜೆ ಹಿಂದಿರುಗುವ ದಿನಾಂಕ ಬದಲಾಗಿ, ಹೊಸ ಟಿಕೆಟ್ಟಿಗೆಂದು ವಿಮಾನಯಾನದ ಕಾರ್ಡಿನ ಸಂಖ್ಯೆ ಹಾಕಿದೆ. ಆ ಕಾರ್ಡನ್ನು ಆ ತಿಂಗಳು ಒಮ್ಮೆಯೂ ಬಳಸಿರಲಿಲ್ಲ. ಒಟಿಪಿ ಬಂತು, ಹಾಕಿದೆ, ಪರದೆಯ ಮೇಲಿನ ಚಕ್ರ ತಿರುಗಿ ತಿರುಗಿ ನಿಂತಿತು: ಲಭ್ಯ ಮಿತಿ ಸಾಲದು. ಮತ್ತೆ ಹಾಕಿದೆ, ಮತ್ತೆ ಅದೇ. ಎರಡೂ ಕಾರ್ಡುಗಳಿಗೆ ಸೇರಿ ಉಳಿದಿದ್ದದ್ದು ಹದಿನೈದೇ ಪಾಲು. ಮುಟ್ಟದ ಕಾರ್ಡೂ ಖಾಲಿಯೇ. ಕೊನೆಗೆ ಡೆಬಿಟ್ ಕಾರ್ಡಿನಿಂದ ಟಿಕೆಟ್ ಕೊಂಡೆ. ಯಾವ ಖರ್ಚಿಗಾಗಿ ಆ ಕಾರ್ಡನ್ನು ಹೊಂದಿಸಿಕೊಂಡಿದ್ದೆನೋ ಆ ಖರ್ಚಿಗೇ ಒಂದು ಮೈಲೂ (ವಿಮಾನಯಾನದ ಪಾಯಿಂಟೂ) ಸಿಗಲಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಹೋಟೆಲು ಬಿಡುವಾಗ ಬಿಲ್ಲನ್ನು ತಡೆಹಿಡಿದ ಮೊತ್ತದಲ್ಲೇ ಮುರಿದುಕೊಳ್ಳುವ ಬದಲು ಹೊಸ ವಹಿವಾಟಾಗಿ ಎಳೆದರು. ಹೋಲ್ಡು ಹಾಗೆಯೇ ನಿಂತಿತು, ಬಿಲ್ಲೂ ಮೇಲೆ ಬಿತ್ತು. ಅಂದರೆ ಒಂದೇ ವಾಸ್ತವ್ಯ ನನ್ನ ಮಿತಿಯನ್ನು ಎರಡು ಸಲ ತಿಂದಿತು. ಆ ಹೋಲ್ಡು ಬಿಡುಗಡೆಯಾಗಲು ಇನ್ನೂ ಒಂಬತ್ತು ದಿನ ಹಿಡಿಯಿತು. ಬ್ಯಾಂಕಿಗೆ ಕೇಳಿದರೆ ಹೋಟೆಲಿನವರು ಬಿಡಬೇಕೆಂದೂ, ಹೋಟೆಲಿಗೆ ಕೇಳಿದರೆ ನಾವು ಆ ದಿನವೇ ಬಿಟ್ಟಿದ್ದೇವೆ, ಬ್ಯಾಂಕಿನಲ್ಲಿ ತಡವೆಂದೂ ಹೇಳಿದರು.

ಇದಕ್ಕೆ ನಾನು ಕಂಡುಕೊಂಡ ಉಪಾಯ ಎರಡು. ಹೋಟೆಲಿಗೆ ಕೊಡುವ ಕಾರ್ಡಿನ ಬಾಕಿ ಒಟ್ಟು ಮಿತಿಯ ಅರ್ಧವನ್ನು ದಾಟದಂತೆ ಆ ಕಾರ್ಡಿಗೆ ಮಾತ್ರ ಒಳಮಿತಿ ಹಾಕಿಸಿದೆ. ಆ್ಯಪಿನಲ್ಲಿ ನಾವೇ ಬದಲಿಸಬಹುದಾದ ಮಿತಿಗಳು ಹಲವೊಮ್ಮೆ ಒಂದು ವಹಿವಾಟಿನ ಅಥವಾ ಒಂದು ದಿನದ ಮಿತಿಗಳು. ಅವು ಈ ಕೆಲಸಕ್ಕೆ ಬರುವುದಿಲ್ಲ, ಕಾರ್ಡಿನ ಒಟ್ಟು ಬಾಕಿಯ ಮೇಲಿನ ಮಿತಿಯೇ ಬೇಕೆಂದು ಬಿಡಿಸಿ ಕೇಳಬೇಕು. ನನಗೆ ಇದನ್ನು ಅರ್ಥಮಾಡಿಸಲು ಮೂರು ಕರೆಗಳು ಬೇಕಾದವು. ಎರಡನೆಯದು ಇನ್ನೂ ಸರಳ: ಟಿಕೆಟ್ಟುಗಳ ಹಣವನ್ನು ಬಿಲ್ ಬರುವವರೆಗೆ ಇಟ್ಟುಕೊಳ್ಳದೆ ಹೊರಡುವ ಮೊದಲೇ ಕಟ್ಟಿಬಿಡುತ್ತೇನೆ, ಮಿತಿ ಆಗಲೇ ತೆರವಾಗುತ್ತದೆ. ಈ ಎರಡನ್ನೂ ಮಾಡತೊಡಗಿದ ಮೇಲೆ ಮಿತಿ ಸಾಲದೆಂಬ ಆ ಸಂದೇಶ ಮತ್ತೆ ಕಂಡಿಲ್ಲ.

ಮೂರನೆಯ ದಾರಿಯಲ್ಲಿ ಈ ತಲೆನೋವೇ ಇಲ್ಲ. ಬೇರೆ ಬ್ಯಾಂಕಿನ ಕಾರ್ಡಿಗೆ ಅದರದೇ ಮಿತಿ, ಅದರದೇ ಬೋನಸ್. ಒಂದು ಬ್ಯಾಂಕಿನ ಸರ್ವರ್ ಕೆಟ್ಟು ನಿಂತರೂ ಇನ್ನೊಂದು ಕೈ ಹಿಡಿಯುತ್ತದೆ. ದೊಡ್ಡ ಖರ್ಚಿನ ದೂರ ಪ್ರಯಾಣಗಳನ್ನು ಮಾಡುವವರಿಗೆ ಇದೇ ಸರಿಯಾದದ್ದೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಹೊಸ ಬ್ಯಾಂಕಿಗೆ ನಾವು ಅಪರಿಚಿತರು. ಆದಾಯದ ದಾಖಲೆ, ವಿಳಾಸದ ಪರಿಶೀಲನೆ, ಕಚೇರಿಗೆ ಬರುವ ಕರೆ ಎಲ್ಲವೂ ಮೊದಲಿನಿಂದ. ಅರ್ಜಿ ಮಂಜೂರಾಗಲಿ ಬಿಡಲಿ, ಕ್ರೆಡಿಟ್ ವರದಿಯಲ್ಲಿ ಹಾರ್ಡ್ ಎನ್‌ಕ್ವೈರಿ (ಅರ್ಜಿಗಾಗಿ ಬ್ಯಾಂಕು ನಮ್ಮ ವರದಿಯನ್ನು ತರಿಸಿ ನೋಡಿದ ಗುರುತು) ಮಾತ್ರ ದಾಖಲಾಗುತ್ತದೆ. ಅಮೆರಿಕದ ವರದಿಗಳಲ್ಲಿ ಅದು 2 ವರ್ಷ ಕಾಣಿಸುತ್ತದೆ, ಅಲ್ಲಿ ಬಳಕೆಯಲ್ಲಿರುವ ಫೈಕೋ ಎಂಬ ಕ್ರೆಡಿಟ್ ಅಂಕವನ್ನು ಲೆಕ್ಕ ಹಾಕುವಾಗ ಕೊನೆಯ 12 ತಿಂಗಳನ್ನಷ್ಟೇ ಪರಿಗಣಿಸುತ್ತಾರೆ. ಅಲ್ಲಿರುವ ಓದುಗರು ಅರ್ಜಿಗಳ ಕ್ರಮವನ್ನೂ ಯೋಚಿಸಬೇಕು: ಕಳೆದ 24 ತಿಂಗಳಲ್ಲಿ ಯಾವುದೇ ಬ್ಯಾಂಕಿನಿಂದ 5 ಅಥವಾ ಹೆಚ್ಚು ಕಾರ್ಡು ಪಡೆದವರ ಅರ್ಜಿಯನ್ನು ಅಲ್ಲಿನ ಚೇಸ್ ಬ್ಯಾಂಕು ಸಾಮಾನ್ಯವಾಗಿ ಒಪ್ಪುವುದಿಲ್ಲವೆಂಬುದು ಕಾರ್ಡುದಾರರ ನಡುವೆ 5/24 ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಹೀಗೆ ಎಣಿಸುವ ಬ್ಯಾಂಕಿನಿಂದ ಎರಡು ಕಾರ್ಡು ಬೇಕಿದ್ದರೆ ಅಲ್ಲಿ ಮೊದಲು ಮುಗಿಸಿಕೊಂಡು ಆಮೇಲೆ ಉಳಿದ ಬ್ಯಾಂಕುಗಳತ್ತ ಹೋಗುವುದು ಜಾಣತನ.

ನನಗೆ ಮೂರನೆಯದು ಒಗ್ಗದಿರಲು ಕಾರಣ ಇಷ್ಟು ಘನವಾದದ್ದೇನಲ್ಲ. ಎರಡು ಬ್ಯಾಂಕು ಎಂದರೆ ಎರಡು ಆ್ಯಪ್, ಎರಡು ಬಿಲ್ಲಿಂಗ್ ದಿನ, ಎರಡು ಕೊನೆಯ ದಿನಾಂಕ. ಎರಡನೆಯ ಬ್ಯಾಂಕಿನ ಬಿಲ್ಲನ್ನು ನಾನು ಎಂಟು ತಿಂಗಳಲ್ಲಿ ಎರಡು ಸಲ ಮರೆತೆ. ಅದಕ್ಕೆ ತೆತ್ತ ಬಡ್ಡಿ ಮತ್ತು ವಿಳಂಬ ಶುಲ್ಕ ಆ ಕಾರ್ಡು ಕೊಟ್ಟ ಪಾಯಿಂಟುಗಳ ಬೆಲೆಗಿಂತ ಹೆಚ್ಚಾಯಿತು. ಪಾಯಿಂಟುಗಳೂ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಚದುರಿ ಯಾವುದೂ ಒಂದು ಟಿಕೆಟ್ಟಿಗೆ ಸಾಲುವಷ್ಟಾಗಲಿಲ್ಲ. ಒಂದೇ ಬ್ಯಾಂಕಿನಲ್ಲಿ ಎರಡೂ ಬಿಲ್ಲುಗಳನ್ನು ಒಂದೇ ದಿನ, ಒಂದೇ ಪರದೆಯಲ್ಲಿ ಕಟ್ಟುತ್ತೇನೆ; ಹಳೆಯ ಕಾರ್ಡಿನ ಪಾಯಿಂಟುಗಳನ್ನು ಆ ವಿಮಾನಯಾನ ಸಂಸ್ಥೆಯ ಖಾತೆಗೇ ವರ್ಗಾಯಿಸಲು ಬರುವುದರಿಂದ ಎರಡು ಕಾರ್ಡುಗಳ ಗಳಿಕೆಯೂ ಒಂದೆಡೆ ಸೇರುತ್ತದೆ.

ವಿಮಾನ ನಿಲ್ದಾಣದ ಲೌಂಜಿನ ವಿಷಯ: ಕಾರ್ಡು ಎರಡಾದರೂ ಒಳಗೆ ಹೋಗಿ ಕೂರುವವನು ಒಬ್ಬನೇ. ಎರಡನೆಯ ಕಾರ್ಡಿನ ಲೌಂಜ್ ಸೌಲಭ್ಯವನ್ನು ಲಾಭದ ಲೆಕ್ಕಕ್ಕೆ ಸೇರಿಸಬಾರದು.

ವಾರ್ಷಿಕ ಶುಲ್ಕದ ಲೆಕ್ಕ ಮಾತ್ರ ಇನ್ನೂ ನನ್ನನ್ನು ಕಾಡುತ್ತಿದೆ. ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ಶುಲ್ಕ ಮಾಫಿ ಎಂಬ ನಿಯಮ ನನ್ನ ಎರಡು ಕಾರ್ಡುಗಳಿಗೂ ಇದೆ. ಖರ್ಚನ್ನು ಎರಡಕ್ಕೂ ಹಂಚಿದ ಮೊದಲ ವರ್ಷ ಎರಡೂ ಆ ಗುರಿಯ ಹತ್ತಿರ ಬಂದು ನಿಂತವು, ಯಾವುದೂ ಮುಟ್ಟಲಿಲ್ಲ. ಎರಡೂ ಶುಲ್ಕಗಳನ್ನು ತೆತ್ತೆ. ಈಗ ದಿನಬಳಕೆಯ ಖರ್ಚೆಲ್ಲ ಹಳೆಯ ಕಾರ್ಡಿನ ಮೇಲೆ, ಅದರ ಶುಲ್ಕ ಮಾಫಿಯಾಗುತ್ತದೆ. ವಿಮಾನದ ಟಿಕೆಟ್ ಮಾತ್ರ ಎರಡನೆಯದರ ಮೇಲೆ, ಅದರ ಶುಲ್ಕವನ್ನು ಕಟ್ಟುತ್ತೇನೆ. ವರ್ಷಕ್ಕೆ ನಾಲ್ಕು ಸಲ ಹಾರುವ ನನಗೆ ಆ ಮೈಲುಗಳು ಶುಲ್ಕವನ್ನು ದಾಟಿ ಸ್ವಲ್ಪ ಉಳಿಸುತ್ತವೆ. ವರ್ಷಕ್ಕೊಮ್ಮೆ ಮಾತ್ರ ಹಾರುವವರಿಗೆ ಎರಡನೆಯ ಕಾರ್ಡೇ ಬೇಡ. ಬಿಲ್ಲನ್ನು ಪೂರ್ತಿ ಕಟ್ಟದೆ ಕನಿಷ್ಠ ಮೊತ್ತ ಕಟ್ಟಿ ಮುಂದೂಡುವವರಿಗೆ ಮೊದಲನೆಯದೂ ಬೇಡ.

ಹೋದ ವಾರ ಆ್ಯಪಿನಲ್ಲಿ ಮತ್ತೆ ಆ ಫಲಕ ಕಾಣಿಸಿತು: ವಿಮಾನಯಾನದ ಕಾರ್ಡನ್ನು ಅದರ ಮೇಲಿನ ದರ್ಜೆಗೆ ಏರಿಸುತ್ತಾರಂತೆ, ಒಂದು ಒಟಿಪಿ ಸಾಕಂತೆ. ಅದನ್ನು ಮುಚ್ಚಿ, ಈಗಿನ ಗ್ರಾಹಕರಿಗೆ ಹೆಚ್ಚುವರಿ ಕಾರ್ಡು ಎಂಬ ಪುಟಕ್ಕೆ ಹೋಗಿ ನೋಡಿದೆ. ಆ ಮೇಲಿನ ದರ್ಜೆಯ ಕಾರ್ಡು ಅಲ್ಲಿಯೂ ಇತ್ತು, ಬೋನಸ್ ಸಮೇತ.